ಓರೆಗಣ್ಣಿಗೆ ಕಾಣುವ ಬೆಳಕು

“ನೇರ ನೋಡಬೇಡಿ. ಒಂಚೂರು ಪಕ್ಕಕ್ಕೆ ದೃಷ್ಟಿ ಇಡಿ, ಆಗ ಕಾಣುತ್ತೆ.”

ಕೆಂಪು ಟಾರ್ಚನ್ನು ನೆಲಕ್ಕೆ ಹಿಡಿದು ನಿಂತಿದ್ದ ಆ ವಿದ್ಯಾರ್ಥಿ ಹೇಳಿದಂತೆ ಮಾಡಿದೆ. ಅಲ್ಲಿಯವರೆಗೆ ನಾಲ್ಕು ಚುಕ್ಕೆಗಳಷ್ಟೇ ಇದ್ದ ಜಾಗದಲ್ಲಿ ಬೂದುಬಣ್ಣದ ಬೆಳಕೊಂದು ರೆಕ್ಕೆ ಬಿಚ್ಚಿದ ಹಾಗೆ ಹರಡಿಕೊಂಡಿತು. ಮಹಾವ್ಯಾಧ ನಕ್ಷತ್ರಪುಂಜದ ಖಡ್ಗದಲ್ಲಿರುವ ನೀಹಾರಿಕೆ, ನಕ್ಷತ್ರಗಳು ಹುಟ್ಟುವ ಮೋಡ. ನನ್ನ ಹಿಂದೆ ನಿಂತಿದ್ದ ಮಗಳು, “ಅಮ್ಮಾ, ಬೇರೆಯವರಿಗೂ ಬಿಡು,” ಎನ್ನುವವರೆಗೂ ನಾನು ದೂರದರ್ಶಕದಿಂದ ಕಣ್ಣು ತೆಗೆಯಲಿಲ್ಲ.

ಇದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ವೀಕ್ಷಣಾಲಯ. 1823ರಲ್ಲಿ ಕಟ್ಟಿದ್ದು. ಚಳಿಗಾಲದ ಬುಧವಾರಗಳಂದು ಸಂಜೆ ಇದರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಮೊದಲು ಅರ್ಧ ಗಂಟೆ ಖಗೋಳ ವಿಜ್ಞಾನಿಯೊಬ್ಬರ ಮಾತು, ಆಮೇಲೆ ಆಕಾಶ ದರ್ಶನ. ಮೋಡ ಕವಿದರೆ ಮಾತಷ್ಟೇ. ತಿಳಿಯಾಗಿದ್ದರೆ ಊರಿನ ಹವ್ಯಾಸಿಗಳೂ ತಮ್ಮ ದೂರದರ್ಶಕಗಳನ್ನು ತಂದು ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಮಕ್ಕಳು, ಅಜ್ಜಂದಿರು, ಕೆಲಸ ಮುಗಿಸಿ ಬಂದವರು ಎಲ್ಲರೂ ಒಂದೇ ಸಾಲಿನಲ್ಲಿ.

ಇಲ್ಲಿ ಬಿಳಿ ಟಾರ್ಚ್ ಹಚ್ಚುವಂತಿಲ್ಲ, ಮೊಬೈಲ್ ತೆಗೆಯುವಂತಿಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದನ್ನು ಕೆಡಿಸಲು ಒಂದು ಕ್ಷಣದ ಬಿಳಿ ಬೆಳಕು ಸಾಕು. ಕೆಂಪು ಬೆಳಕು ಅಷ್ಟು ಹಾನಿ ಮಾಡದು. ಇನ್ನು ಓರೆನೋಟದ ಗುಟ್ಟು ಕಣ್ಣಿನ ರಚನೆಯಲ್ಲೇ ಇದೆ. ಅಕ್ಷಿಪಟಲದ ನಟ್ಟನಡುವೆ ಬಣ್ಣ ಗುರುತಿಸುವ ಶಂಕುಕೋಶಗಳು. ಅವಕ್ಕೆ ಹೆಚ್ಚು ಬೆಳಕು ಬೇಕು. ಮಂದ ಬೆಳಕನ್ನು ಹಿಡಿಯುವ ದಂಡಕೋಶಗಳು ಅದರ ಸುತ್ತಲೂ. ಅದಕ್ಕೇ ನೇರ ನೋಡಿದರೆ ಮರೆಯಾಗುವ ಮೋಡ ಓರೆಗಣ್ಣಿಗೆ ಸಿಗುತ್ತದೆ, ಅದಕ್ಕೇ ಫೋಟೋದಲ್ಲಿ ಗುಲಾಬಿಯಾಗಿರುವುದು ಕಣ್ಣಿಗೆ ಬೂದುಬಣ್ಣವಾಗುತ್ತದೆ. ಹೈಸ್ಕೂಲಿನಲ್ಲಿ ವರ್ಷವರ್ಷವೂ ಕಣ್ಣಿನ ಚಿತ್ರ ಬರೆದು ಈ ಪಾಠ ಮಾಡಿದ್ದೇನೆ. ಅದು ನನ್ನದೇ ಕಣ್ಣಿನಲ್ಲಿ ನಡೆದದ್ದು ಆ ರಾತ್ರಿ.

ನೀಹಾರಿಕೆಯ ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,350 ವರ್ಷಗಳಾದವು. ಆಗ ನಮ್ಮಲ್ಲಿ ಬಾದಾಮಿಯ ಚಾಲುಕ್ಯರ ಆಳ್ವಿಕೆ.

ಆವರಣದ ಇನ್ನೊಂದು ಗುಮ್ಮಟದಲ್ಲಿ ನಾರ್ಥಂಬರ್ಲೆಂಡ್ ದೂರದರ್ಶಕವಿದೆ. ಸುಮಾರು 12 ಅಂಗುಲದ ಮಸೂರ, 20 ಅಡಿಯ ಹತ್ತಿರ ಉದ್ದ, 1830ರ ದಶಕದ್ದು. 1846ರ ಬೇಸಿಗೆಯಲ್ಲಿ ಖಗೋಳ ವಿಜ್ಞಾನಿ ಜೇಮ್ಸ್ ಚಾಲಿಸ್ ಇದರಲ್ಲೇ ಹೊಸ ಗ್ರಹವೊಂದನ್ನು ಹುಡುಕುತ್ತಿದ್ದರು. ಯುರೇನಸ್ ಲೆಕ್ಕ ತಪ್ಪಿ ಚಲಿಸುತ್ತಿತ್ತು, ಅದನ್ನು ಇನ್ನೊಂದು ಗ್ರಹ ಸೆಳೆಯುತ್ತಿರಬೇಕೆಂಬ ಊಹೆಯಿತ್ತು. ಚಾಲಿಸ್ ಆ ಭಾಗದ ಚುಕ್ಕೆಗಳ ಸ್ಥಾನಗಳನ್ನು ಒಂದೊಂದಾಗಿ ಬರೆದಿಟ್ಟರು, ಆಮೇಲೆ ತಾಳೆ ನೋಡಿದರಾಯಿತೆಂದು. ಆಗಸ್ಟಿನಲ್ಲಿ ಎರಡು ಸಲ ನೆಪ್ಚೂನ್ ಅವರ ಕಣ್ಣಿಗೆ ಬಿತ್ತು, ಪುಸ್ತಕಕ್ಕೂ ಸೇರಿತು. ಗ್ರಹವೆಂದು ಮಾತ್ರ ಗೊತ್ತಾಗಲಿಲ್ಲ. ಸೆಪ್ಟೆಂಬರ್ 23ರಂದು ಬರ್ಲಿನ್ನಿನಲ್ಲಿ ಗಾಲೆ ಎಂಬ ಖಗೋಳ ವಿಜ್ಞಾನಿ ದೂರದರ್ಶಕದಲ್ಲಿ ನೋಡುತ್ತ ಒಂದೊಂದೇ ಚುಕ್ಕೆ ಹೇಳುತ್ತಿದ್ದರು, ಪಕ್ಕದಲ್ಲಿ ದಾರೆ ಎಂಬವರು ಹೊಸ ನಕ್ಷೆ ಹಿಡಿದು ತಾಳೆ ನೋಡುತ್ತಿದ್ದರು. ನಕ್ಷೆಯಲ್ಲಿಲ್ಲದ ಒಂದು ಚುಕ್ಕೆ ಅದೇ ರಾತ್ರಿ ಸಿಕ್ಕಿತು.

ಆ ಗುಮ್ಮಟದೊಳಗೆ ನಿಂತಾಗ ಚಾಲಿಸ್ ಬಗ್ಗೆ ನನಗೆ ಮರುಕವೇ ಹುಟ್ಟಿತು. ನೋಡುವುದು ಬೇರೆ, ಕಾಣುವುದು ಬೇರೆ ಎಂದು ನಮ್ಮ ಭಾಷೆಗೆ ಎಂದೋ ಗೊತ್ತು. ನೋಟ ಕಾಣ್ಕೆಯಾಗಲು ಒಳ್ಳೆಯ ಮಸೂರ ಸಾಲದು. ನಕ್ಷೆ ಹಿಡಿದವರೋ, “ಪಕ್ಕಕ್ಕೆ ನೋಡಿ” ಎನ್ನುವವರೋ ಒಬ್ಬರು ಜೊತೆಗಿರಬೇಕು. ಬುಧವಾರದ ಆ ಸಂಜೆಗಳು ಊರಿನವರಿಗೆ ಕೊಡುವುದು ಈ ಜೊತೆಯನ್ನೇ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಆರಿದ್ರಾ ಮಳೆಗೆ ಕಾಯುತ್ತಿದ್ದರು. ಆ ಆರ್ದ್ರಾ ಎಂದರೆ ಮಹಾವ್ಯಾಧನ ಹೆಗಲ ಕೆಂಪು ನಕ್ಷತ್ರ. ಜೂನ್ ಕೊನೆಗೆ ಸೂರ್ಯ ಅದರ ನೆರೆಗೆ ಬಂದಿರುವುದರಿಂದ ಆ ಮಳೆಯ ದಿನಗಳಲ್ಲಿ ನಕ್ಷತ್ರ ಕಾಣುವುದಿಲ್ಲ. ಕಾಣುವುದು ಚಳಿಗಾಲದ ರಾತ್ರಿಗಳಲ್ಲಿ. ಹೆಸರು ಬಾಯಲ್ಲಿತ್ತು, ಚುಕ್ಕಿ ತೋರಿಸುವವರು ಇರಲಿಲ್ಲ.

ಊರಿಗೆ ಮರಳಿದ ಮೇಲೆ ಜನವರಿಯ ಒಂದು ರಾತ್ರಿ ಅಂಗಳದ ದೀಪ ಆರಿಸಿ ಪಕ್ಕದ ಮನೆಯ ಮಕ್ಕಳನ್ನು ಕರೆದೆ. ಕೇಂಬ್ರಿಜ್‌ನಲ್ಲಿ ದಿಗಂತದಿಂದ ಅಷ್ಟೇನೂ ಮೇಲೇರದ ಮಹಾವ್ಯಾಧ ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ. ದೂರದರ್ಶಕವಿರಲಿಲ್ಲ. ಅರ್ಧ ಗಂಟೆ ಕತ್ತಲಲ್ಲಿ ಕೂತೆವು. ಮೂರು ಚುಕ್ಕೆಯ ಸೊಂಟಪಟ್ಟಿ ತೋರಿಸಿ, ಅದರ ಕೆಳಗಿನ ಖಡ್ಗ ತೋರಿಸಿ, “ನೇರ ನೋಡಬೇಡಿ, ಒಂಚೂರು ಪಕ್ಕಕ್ಕೆ,” ಎಂದೆ.

“ಟೀಚರ್, ನಡುವಿನ ಚುಕ್ಕಿ ಮಾತ್ರ ಮಂಜು ಮಂಜಾಗಿದೆ,” ಎಂದಳು ಚಿಕ್ಕವಳು.