ಎತ್ತರಕ್ಕೆ ಹೋದರೆ ಎದೆ ಬಡಿತ ಏರುವುದೇಕೆ?

ಬೇಸಗೆ ರಜೆ ಬಂತೆಂದರೆ ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಉತ್ತರದ ಯಾತ್ರೆಯ ಮಾತು ಏಳುವುದು ವಾಡಿಕೆ. ಕೇದಾರ, ಅಮರನಾಥದ ಜೊತೆಗೆ ಈಗ ಲೇಹ್-ಲಡಾಖ್ ಕೂಡ ಪಟ್ಟಿಗೆ ಸೇರಿದೆ. ಹತ್ತಾರು ವರ್ಷ ಲೋಕಲ್ ಟ್ರೇನಿನ ಸೇತುವೆ ಹತ್ತಿಳಿದವರಿಗೆ ತಮ್ಮ ಕಾಲ್ಬಲದ ಮೇಲೆ ಭರವಸೆ ಇದ್ದೇ ಇರುತ್ತದೆ. ಆದರೆ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವಿಮಾನ ಇಳಿದು, ಹೋಟೆಲಿನ ಒಂದು ಮಹಡಿ ಹತ್ತುವಷ್ಟರಲ್ಲೇ ಎದೆ ಢವಢವ ಎನ್ನತೊಡಗುತ್ತದೆ. ಹೃದಯಕ್ಕೇನೋ ಆಯಿತೆಂದು ಗಾಬರಿ. ವಾಸ್ತವದಲ್ಲಿ ಹೆಚ್ಚಿನವರ ಹೃದಯ ಆಗ ತನ್ನ ಕರ್ತವ್ಯವನ್ನೇ ಮಾಡುತ್ತಿರುತ್ತದೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ದಾದರ್‌ನಲ್ಲೂ ಲೇಹ್‌ನಲ್ಲೂ ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರ ಮಟ್ಟದ ಸುಮಾರು ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಒಂದೊಂದು ಉಸಿರಿನಲ್ಲೂ ರಕ್ತಕ್ಕೆ ಸೇರುವ ಆಮ್ಲಜನಕ ಕುಗ್ಗುತ್ತದೆ.

ಈ ಕೊರತೆಯನ್ನು ಮೊದಲು ಪತ್ತೆ ಹಚ್ಚುವುದು ಹೃದಯವಲ್ಲ, ಕುತ್ತಿಗೆ! ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಧಮನಿ ಕವಲೊಡೆಯುವಲ್ಲಿ, ಎರಡೂ ಬದಿಗೆ, ಅಕ್ಕಿಕಾಳಿನಷ್ಟು ದೊಡ್ಡ ಕಾವಲುಗಾರರಿದ್ದಾರೆ. ಇವುಗಳ ಕೆಲಸವನ್ನು ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೇಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಪಾರಿತೋಷಕ ಸಂದಿತ್ತು. ಇಲ್ಲಿಂದ ಸುದ್ದಿ ಮಿದುಳಿಗೆ ಹೋದೊಡನೆ ಉಸಿರಾಟ ಜೋರಾಗುತ್ತದೆ, ಅಡ್ರಿನಲಿನ್ ಸ್ರವಿಸುತ್ತದೆ, ಹೃದಯದ ಬಡಿತ ಏರುತ್ತದೆ.

ಲೆಕ್ಕ ಸರಳ. ವಿಶ್ರಾಂತಿಯಲ್ಲಿರುವಾಗ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್‌ನಂತೆ ನಿಮಿಷಕ್ಕೆ 5 ಲೀಟರಿನಷ್ಟು ರಕ್ತ ತಳ್ಳುತ್ತದೆ. ಡಬ್ಬಾವಾಲಾನ ಗಾಡಿಯಲ್ಲಿ ಡಬ್ಬಗಳು ಕಡಿಮೆ ಹಿಡಿಸಿದರೆ ಅವನು ಹೆಚ್ಚು ಸಲ ಓಡಾಡಲೇಬೇಕಲ್ಲವೇ? ಹಾಗೆಯೇ ಇದೂ. ರಕ್ತಹೀನತೆ ಇರುವ ಮಹಿಳೆಯರಿಗೆ ಬೆಟ್ಟ ಹತ್ತದೆಯೂ ಎದೆ ಬಡಿದುಕೊಳ್ಳುವುದಕ್ಕೆ ಇಂಥದೇ ಕಾರಣ. ಅಂಥವರು ಯಾತ್ರೆಗೆ ಮೊದಲು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳುವುದು ಒಳಿತು.

ದೇಹ ನಿಧಾನವಾಗಿ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ ನಿಜ. ಅದಕ್ಕೆ ವಾರಗಳೇ ಬೇಕು. ಏಳು ದಿನದ ಪ್ಯಾಕೇಜ್ ಟೂರ್ ಅಷ್ಟರೊಳಗೆ ಮುಗಿದು ಊರು ಸೇರಿಯಾಗಿರುತ್ತದೆ! ಆದ್ದರಿಂದ ಮೊದಲ ಎರಡು ದಿನ ಪೂರ್ಣ ವಿಶ್ರಾಂತಿ ಅಗತ್ಯ. ಮೊದಲ ದಿನವೇ ಖರ್ದುಂಗ್ ಲಾ ತೋರಿಸುವ ಕಾರ್ಯಕ್ರಮಪಟ್ಟಿಯನ್ನು ಒಪ್ಪದಿರುವುದೇ ಜಾಣತನ.

ವಯಸ್ಸು ಚಿಕ್ಕದೆಂಬ ಧೈರ್ಯವೂ ಸಲ್ಲದು. ಹಿಮಾಲಯದಲ್ಲಿ ಎತ್ತರದ ಕಾಯಿಲೆಗೆ ತುತ್ತಾದ 1,925 ಸೈನಿಕರ ವರದಿಯನ್ನು ಭಾರತೀಯ ವೈದ್ಯರು 1969ರಲ್ಲೇ ಪ್ರಕಟಿಸಿದ್ದರು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ವಿಶ್ರಾಂತಿಯಲ್ಲೂ ಇಳಿಯದ ಬಡಿತ, ನಡಿಗೆಯಲ್ಲಿ ತೂರಾಟ, ಮಂಕು ಕಂಡರೆ ತಡಮಾಡದೆ ಕೆಳಗಿಳಿಸಬೇಕು. ಆಮ್ಲಜನಕ ಸಿಕ್ಕಿದರೆ ಕೊಡಬೇಕು.

ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವ ಹಿರಿಯರ ವಿಷಯ ಬೇರೆ. ಆ ಮಾತ್ರೆ ಬಡಿತವನ್ನು ಏರಗೊಡುವುದಿಲ್ಲ. ನಾಡಿ ಶಾಂತವಾಗಿದೆಯೆಂದು ಸಂಗಡಿಗರು ನಿಶ್ಚಿಂತರಾಗುವಂತಿಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸುವಂತೆಯೂ ಇಲ್ಲ, ವೈದ್ಯರನ್ನು ಕೇಳಿಯೇ ಹೊರಡಬೇಕು. ಇನ್ನೊಂದು ಮಾತು, ಅಸ್ವಸ್ಥರಾದವರ ಜೊತೆ ಯಾತ್ರೆ ಬಿಟ್ಟು ಇಳಿಯುವವರು ಯಾರೆಂಬುದನ್ನು ಸಂಘದವರು ಮುಂಬಯಿ ಬಿಡುವ ಮುನ್ನವೇ ಗೊತ್ತು ಮಾಡಿಕೊಳ್ಳಬೇಕು. ಗುಡಿಯ ಬಾಗಿಲಲ್ಲಿ ನಿಂತು ಆ ಚರ್ಚೆ ಮಾಡಲಾಗದು.