ನಿಂತುಹೋದ ಓದಿಗೆ ಸರಕಾರದ ನೆರವು

'ಮದುವೆಯಾಯಿತು, ಮಕ್ಕಳಾದವು, ಓದು ಅಲ್ಲಿಗೇ ನಿಂತಿತು' ಎಂಬ ಮಾತನ್ನು ಭಾನುವಾರದ ಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ ನಾವು ಎಷ್ಟು ಸಲ ಕೇಳಿಲ್ಲ! ತಮ್ಮಂದಿರ ಶುಲ್ಕಕ್ಕಾಗಿ ತನ್ನ ಓದನ್ನು ಬಿಟ್ಟುಕೊಟ್ಟ ಹಿರಿಯಕ್ಕಂದಿರು ನಮ್ಮ ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. 'ಇನ್ನೇನಿದ್ದರೂ ಮಕ್ಕಳು ಓದಲಿ' ಎಂಬುದೇ ಅವರಿಗೆ ನಾವು ಕೊಡುತ್ತ ಬಂದಿರುವ ಸಮಾಧಾನ.

ಅಮೆರಿಕದ ಟೆನೆಸಿ ರಾಜ್ಯವು ಈ ಸಮಾಧಾನವನ್ನು ಒಪ್ಪಲಿಲ್ಲ. 2025ರೊಳಗೆ ರಾಜ್ಯದ ಶೇಕಡಾ 55 ಮಂದಿಯ ಬಳಿ ಕಾಲೇಜಿನ ಪದವಿಯೋ ಪ್ರಮಾಣಪತ್ರವೋ ಇರಬೇಕೆಂಬ ಗುರಿಯನ್ನು ಗವರ್ನರ್ ಬಿಲ್ ಹಾಸ್ಲಮ್ ಅವರು 2013ರಲ್ಲಿ ಇಟ್ಟರು. ಹೈಸ್ಕೂಲು ಮುಗಿಸಿ ಬರುವ ತರುಣರಿಂದಲೇ ಈ ಗುರಿ ಮುಟ್ಟಲಾಗದೆಂಬುದು ಬೇಗನೆ ತಿಳಿದುಬಂತು. ಹೀಗೆ 2017ರಲ್ಲಿ 'ಟೆನೆಸಿ ರೀಕನೆಕ್ಟ್' ಶಾಸನ ಅಂಗೀಕಾರವಾಗಿ, 2018ರ ಶರತ್ಕಾಲದಿಂದ ವಯಸ್ಕರಿಗೆ ರಾಜ್ಯದ 13 ಸಮುದಾಯ ಕಾಲೇಜುಗಳಲ್ಲಿ ಬೋಧನಾ ಶುಲ್ಕದ ಹೊರೆ ಇಳಿಯಿತು.

ನಿಯಮಗಳು ಕಠಿಣವಲ್ಲ. ಅರ್ಜಿದಾರರು ರಾಜ್ಯದಲ್ಲಿ ಒಂದು ವರ್ಷವಾದರೂ ನೆಲಸಿರಬೇಕು. ಹಿಂದೆ ಪದವಿ ಪಡೆದಿರಬಾರದು. ತಂದೆತಾಯಿಯರ ಆಶ್ರಯದಲ್ಲಿ ಇಲ್ಲದವರೆಂದು ಪರಿಗಣಿತರಾಗಿರಬೇಕು. 24 ವರ್ಷ ತುಂಬಿದವರು ಮಾತ್ರವಲ್ಲ, ವಿವಾಹಿತರೂ ಈ ಗುಂಪಿಗೆ ಸೇರುತ್ತಾರೆ. ನಮ್ಮಲ್ಲಿ ಓದಿಗೆ ಬಾಗಿಲು ಮುಚ್ಚುವ ಮದುವೆಯೇ ಅಲ್ಲಿ ಬಾಗಿಲು ತೆರೆಯುತ್ತದೆಯೆಂಬುದು ನಮ್ಮ ಗಮನ ಸೆಳೆದ ಸಂಗತಿ.

ಹಣದ ಮೂಲವು ಮಾತ್ರ ಸ್ವಲ್ಪ ಇರಿಸುಮುರಿಸಿನದು. ಅದು ಬರುವುದು 2004ರಲ್ಲಿ ಅಲ್ಲಿ ಆರಂಭವಾದ ಸರಕಾರಿ ಲಾಟರಿಯಿಂದ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿದಾಗ ಎಷ್ಟೋ ಮನೆಗಳ ಒಲೆ ಮತ್ತೆ ಹೊತ್ತಿತೆಂದು ನಂಬಿರುವ ನಮಗೆ, ಒಬ್ಬ ಬಡವನ ಟಿಕೆಟಿನಿಂದ ಇನ್ನೊಬ್ಬ ಬಡವನ ಶುಲ್ಕ ಕಟ್ಟುವ ಏರ್ಪಾಡು ಪೂರ್ಣ ಸಮ್ಮತವೆನಿಸುವುದಿಲ್ಲ.

ಇದಕ್ಕಿಂತ ಗಂಭೀರವಾದುದು ಹಂಚಿಕೆಯ ಕ್ರಮ. ಕೇಂದ್ರ ಸರಕಾರವು ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನ ಮೊದಲಾದವುಗಳನ್ನು ಶುಲ್ಕಕ್ಕೆ ಹಾಕಿಕೊಂಡು, ಉಳಿದ ಕೊರತೆಯನ್ನಷ್ಟೇ ರಾಜ್ಯವು ತುಂಬುತ್ತದೆ. ಅನುದಾನವೇ ಶುಲ್ಕಕ್ಕೆ ಸಾಲುವಷ್ಟಿದ್ದರೆ ರಾಜ್ಯವು ತುಂಬಬೇಕಾದ ಕೊರತೆಯೇ ಇರುವುದಿಲ್ಲ. ಹೀಗಾಗಿ ರಾಜ್ಯದ ಹಣ ಕಡುಬಡವರಿಗಿಂತ ಅವರಿಗಿಂತ ತುಸು ಮೇಲಿರುವವರಿಗೇ ಹೆಚ್ಚು ಒದಗುತ್ತದೆ. ಪುಸ್ತಕ, ಪ್ರಯಾಣ, ಮಗುವನ್ನು ನೋಡಿಕೊಳ್ಳುವವರ ಸಂಬಳ, ಇವಾವುವೂ ಈ ನೆರವಿನ ಲೆಕ್ಕದಲ್ಲಿಲ್ಲ. ಮೂವತ್ತೈದರ ತಾಯಿಗೆ ಶುಲ್ಕಕ್ಕಿಂತ ದೊಡ್ಡ ಅಡ್ಡಿ ಇವೇ ಅಲ್ಲವೇ?

ಎರಡನೇ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ ವಿದ್ಯೆಯ ಹಕ್ಕನ್ನು ಎಲ್ಲ ಜನಾಂಗ, ಎಲ್ಲ ಸ್ಥಿತಿಗತಿಗಳವರಿಗೆ ಮಾತ್ರವಲ್ಲ, ಎಲ್ಲ ವಯಸ್ಸಿನವರಿಗೂ ಸಲ್ಲಿಸಿದೆ. ಈ 'ವಯಸ್ಸು' ಎಂಬ ಪದದ ಮೇಲೆ ನಮ್ಮ ಕುಟುಂಬಗಳಲ್ಲಿ ಚಿಂತನೆ ನಡೆದದ್ದು ಕಡಿಮೆ. ಮಗಳ ಕಾಲೇಜಿಗೆ ಸಾಲ ಮಾಡಲು ಹಿಂಜರಿಯದ ತಂದೆ, ಮನೆಯಾಕೆ ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿ ಕೇಳಿದರೆ ನಗುತ್ತಾನೆ.

ಟೆನೆಸಿಯಲ್ಲಿ ಅವಧಿಗೆ ಕನಿಷ್ಠ 6 ಕ್ರೆಡಿಟ್‌ಗಳಷ್ಟು, ಎಂದರೆ ಸಾಮಾನ್ಯವಾಗಿ ಎರಡು ವಿಷಯಗಳನ್ನು ಓದಿದರೆ ಸಾಕು; ಐದು ವರ್ಷಗಳ ಕಾಲಾವಕಾಶವಿದೆ. ಆದರೆ ನಡುವೆ ಬಿಡುವಂತಿಲ್ಲ. ಮಗುವಿಗೆ ಕಾಯಿಲೆಯಾಗಬಹುದು, ಅತ್ತೆಯವರು ಹಾಸಿಗೆ ಹಿಡಿಯಬಹುದು. ಅಂಥ ಸಂದರ್ಭದಲ್ಲಿ ಕಾರಣ ಬರೆದು ಮೊದಲೇ ರಜೆಗೆ ಅನುಮತಿ ಪಡೆದವಳ ನೆರವು ಉಳಿಯುತ್ತದೆ. ಹೇಳದೆ ತರಗತಿ ಬಿಟ್ಟವಳು ಅದನ್ನು ಕಳೆದುಕೊಳ್ಳುತ್ತಾಳೆ.