ಕಲ್ಲಿನ ನಂಬರಿನಿಂದ ಹಾಡಿಯ ಲೆಕ್ಕದವರೆಗೆ

ಸಂಶೋಧನಾ ವಿಧಾನ ಎಂದ ಕೂಡಲೇ ವಿದ್ಯಾರ್ಥಿಗಳು ಹುಡುಕುವುದು ಗೈಡು. ವ್ಯಾಖ್ಯೆ, ವಿಧಗಳು, ಗುಣದೋಷಗಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಬಲ್ಲ ಪುಸ್ತಕಗಳು ಅವರ ಊರುಗಳ ಮೇಲೆಯೇ ಹುಟ್ಟಿವೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಓಡಾಡಿದ. ಯಾವ ದಿನ ಯಾವ ಊರು, ಅಲ್ಲಿ ಏನು ಬೆಳೆ, ಯಾವ ಜಾತಿಯವರು ಏನು ಹೇಳಿದರು ಎಂಬುದನ್ನೆಲ್ಲ ಬರೆದಿಟ್ಟ. ಪಿರಿಯಾಪಟ್ಟಣವೂ ಅದರಲ್ಲಿದೆ. ಅವನನ್ನು ಕಳಿಸಿದ್ದು ಕಂಪನಿ ಸರ್ಕಾರ. ಯಾರಿಗಾಗಿ ಕೇಳಿದ ಪ್ರಶ್ನೆ ಎಂಬುದನ್ನು ಮರೆತು ಅವನನ್ನು ಓದಬಾರದು.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೇ ಸಂಪುಟ 1898ರದ್ದು. ಅದರ ಒಂದು ಪುಟ ತೆರೆದು ನೋಡಿ. ಶಾಸನಕ್ಕೊಂದು ತಾಲ್ಲೂಕುವಾರು ನಂಬರು. ಪಕ್ಕದಲ್ಲಿ ಊರಿನ ಹೆಸರು, ಕಲ್ಲು ನಿಂತ ಜಾಗ. ಅನುಮಾನ ಬಂದವರು ನೇರ ಆ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದು. ಅಡಿಟಿಪ್ಪಣಿ ಏಕೆ ಬೇಕು ಎಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಒಂದು ಎಚ್ಚರಿಕೆ: ಅಲ್ಲಿ ಕೆ.ಆರ್. ನಗರ ಸಿಗುವುದಿಲ್ಲ, ಯಡತೊರೆ ಎಂದು ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಎಚ್.ಡಿ. ಕೋಟೆ ಮೂರನೇ ಸಂಪುಟದಲ್ಲಿದೆ, ಹುಣಸೂರು ಮತ್ತು ಪಿರಿಯಾಪಟ್ಟಣ ನಾಲ್ಕರಲ್ಲಿ, ಕೆ.ಆರ್. ನಗರ ಐದರಲ್ಲಿ.

ಜನರ ಸರದಿ ಆಮೇಲೆ ಬಂತು. ಎಚ್.ವಿ. ನಂಜುಂಡಯ್ಯ ಆರಂಭಿಸಿದ ಜಾತಿ, ಬುಡಕಟ್ಟುಗಳ ಅಧ್ಯಯನವನ್ನು ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದರು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆ ಮಾಡಿ ಕೂತರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು, ಮೂರೂ ಸುಟ್ಟವು. ನೆನಪನ್ನೇ ನೆಚ್ಚಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ನೆನಪನ್ನು ಎಷ್ಟರಮಟ್ಟಿಗೆ ಸಾಕ್ಷಿ ಎನ್ನಬಹುದು? ಇದನ್ನು ತರಗತಿಯಲ್ಲಿ ಒಂದು ಇಡೀ ಗಂಟೆ ಚರ್ಚಿಸಬೇಕು.

ಆ ಪ್ರಶ್ನೆ ನಾಗರಹೊಳೆಯ ಅಂಚಿನಲ್ಲಿ ಅನ್ನದ ಪ್ರಶ್ನೆಯೇ ಆಯಿತು. ಕಾಡಿನಿಂದ ಹೊರಬಿದ್ದ, ಪಹಣಿಯಿಲ್ಲದ, ಪತ್ರವಿಲ್ಲದ ಜೇನುಕುರುಬರು ತಾವು ಕಾಡೊಳಗೆ ಬಾಳಿದ್ದೆವು ಎಂದು ಯಾವುದರಿಂದ ತೋರಿಸಬೇಕು? ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿ ಅವರ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಿರ್ವಸಿತರೆಂದು ಅದು ಗುರುತಿಸಿದ್ದು 3,418 ಕುಟುಂಬಗಳನ್ನು. ಮನೆಮನೆಯ ಎಣಿಕೆಗೆ ಎಷ್ಟು ತೂಕವಿದೆ ಎಂಬುದನ್ನು ಹುಣಸೂರು, ಎಚ್.ಡಿ. ಕೋಟೆಯ ಬುಡಕಟ್ಟು ಹಾಡಿಗಳ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕೂ ಊರುಗಳ ಕಾಲೇಜು ಗ್ರಂಥಪಾಲಕರಲ್ಲಿ ಒಂದು ವಿನಂತಿ. ಇವನ್ನೆಲ್ಲ ಒಂದೇ ಬೀರುವಿನಲ್ಲಿಡಿ, ಜೊತೆಗೆ ಜಿಲ್ಲೆಯ ಜನಗಣತಿ ಕೈಪಿಡಿಯನ್ನೂ ಇಡಿ. ವಿದ್ಯಾರ್ಥಿಗಳು ಬರೆದ ಕಿರುಪ್ರಬಂಧಗಳನ್ನು ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹಾಕದೆ, ನಂಬರು ಕೊಟ್ಟು ಅದೇ ಬೀರುವಿಗೆ ಸೇರಿಸಿ.